ಚೌರಿಯ ಬಾಲ ಕಟ್ಟಿಕೊಂಡ ಫೇರೋ

ಮನೆಯ ಯಜಮಾನ ಯಾರು ಎಂದು ಕೇಳಿದರೆ ಬೇರೆ ಊರಿನ ಗಂಡಸರು ತಡವರಿಸುತ್ತಾರೆ. ಕತಾರಿನಲ್ಲಿರುವ ನನಗೆ ಆ ಕಷ್ಟವಿಲ್ಲ, ಸರ್ಕಾರವೇ ಬರೆದುಕೊಟ್ಟಿದೆ. ಹೆಂಡತಿ ಸುಜಾತಾ ಮತ್ತು ಮಗಳು ನೀಲಾ ಈ ದೇಶದಲ್ಲಿರುವುದು ನನ್ನ ಸ್ಪಾನ್ಸರ್‌ಶಿಪ್ಪಿನ ಮೇಲೆ. ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಟೀವಿ ರಿಮೋಟ್ ನನ್ನ ಕೈಗೆ ಬರುವುದು ಬ್ಯಾಟರಿ ಬದಲಿಸಬೇಕಾದಾಗ ಮಾತ್ರ. ಎಸಿ ಎಷ್ಟರಲ್ಲಿರಬೇಕು ಎಂಬುದನ್ನೂ ನಾನು ಕೇಳಿಯೇ ತಿಳಿದುಕೊಳ್ಳುತ್ತೇನೆ. ಆದರೂ ಕಾಗದದ ಮೇಲೆ ದೊರೆ ನಾನೇ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಈಜಿಪ್ಟಿನ ತಾರಿಕ್ ಕೂಡ ದಿನಾ ಬೆಳಿಗ್ಗೆ ನನ್ನನ್ನು "ಬಾಶಾ", ಅಂದರೆ ಒಡೆಯಾ ಎಂದೇ ಕರೆಯುತ್ತಾನೆ. ಚಹಾ ತರುವವನನ್ನೂ ಅವನು ಹಾಗೆಯೇ ಕರೆಯುತ್ತಾನೆ ಎಂಬುದನ್ನು ನಾನು ಮನೆಯಲ್ಲಿ ಹೇಳಿಲ್ಲ.

ಹೀಗೆ ಸುಖವಾಗಿ ಆಳುತ್ತಿರುವಾಗ ನೀಲಾಳ ಶಾಲೆಯಲ್ಲಿ ಪ್ರಾಚೀನ ಈಜಿಪ್ಟಿನ ಪಾಠ ಬಂತು. ಪಾಠದ ಕೊನೆಗೆ ಒಂದು ಪ್ರದರ್ಶನ. ಒಂದೊಂದು ಮಗು ಅಲ್ಲಿನ ರಾಜ ಫೇರೋನ ಒಂದೊಂದು ಕರ್ತವ್ಯವನ್ನು ವಿವರಿಸಬೇಕು, ಅದರ ಅಪ್ಪ ಫೇರೋ ವೇಷ ಹಾಕಿ ಮಾಡಿ ತೋರಿಸಬೇಕು. ನಾನು ಕೂಡಲೇ ಒಪ್ಪಿಕೊಂಡೆ. ರಾಜನೆಂದರೆ ಕೂರುವ ಕೆಲಸ, ಅದರಲ್ಲಿ ನನಗೆ ಆಫೀಸಿನ ಅನುಭವ ಸಾಕಷ್ಟಿದೆ ಎಂಬ ಧೈರ್ಯ. ಆಮೇಲೆ ಮಗಳಿಂದ ಒಂದೊಂದೇ ತಿಳಿಯಿತು. ದಿನವೂ ದೇವರಿಗೆ ನೈವೇದ್ಯ ಇಡುವುದು ಫೇರೋನ ಮುಖ್ಯ ಕರ್ತವ್ಯ, ಆದರೆ ಅವನ ಹೆಸರಿನಲ್ಲಿ ಪೂಜಾರಿಗಳು ಮಾಡುತ್ತಿದ್ದರಂತೆ. ನಮ್ಮಲ್ಲೂ ಅಷ್ಟೇ, ನನ್ನ ಹೆಸರಿನಲ್ಲಿ ಸುಜಾತಾ ಮಾಡುತ್ತಾಳೆ. ನೈಲ್ ನದಿಗೆ ನೀರು ಬರದಿದ್ದರೆ ಜನ ಅವನ ಮುಖ ನೋಡುತ್ತಿದ್ದರಂತೆ. ನಲ್ಲಿಯಲ್ಲಿ ನೀರು ಬರದಿದ್ದರೆ ಇಲ್ಲಿ ನನ್ನ ಮುಖ ನೋಡುತ್ತಾರೆ. ಕಣಜ ತುಂಬಿಸಬೇಕು, ಜೋಳದ ಹಿಟ್ಟಿನ ಚೀಲ ಮೆಟ್ಟಿಲು ಹತ್ತಿಸುವವನು ನಾನೇ. ಶತ್ರುಗಳನ್ನು ಸದೆಬಡಿಯಬೇಕು, ಜಿರಳೆ ಕಂಡರೆ ನನಗೇ ಕರೆ ಬರುತ್ತದೆ.

"ಇದ್ರಾಗ ನಮಗ ಯಾವ್ದು ಬಂದೈತವ್ವಾ?" ಎಂದೆ.

"ರನ್ನಿಂಗ್, ಪಪ್ಪಾ. ಕಿಂಗ್ ಥರ್ಟಿ ಇಯರ್ಸ್ ರೂಲ್ ಮಾಡಿದ ಮ್ಯಾಲೆ ಎಲ್ಲಾರ ಮುಂದ ಓಡ್ಬೇಕು. ಇನ್ನೂ ಸ್ಟ್ರಾಂಗ್ ಅದಾನೋ ಇಲ್ಲೋ ಚೆಕ್ ಮಾಡಿ ಮತ್ತ ಕ್ರೌನ್ ಹಾಕ್ತಾರ. ಹಿಂದ ಬುಲ್ಲಿನ ಟೇಲ್ ಕಟ್ಕೋಬೇಕು."

ಈರುಳ್ಳಿ ಹೆಚ್ಚುತ್ತಿದ್ದ ಸುಜಾತಾ ಚಾಕು ಕೆಳಗಿಟ್ಟು ನಕ್ಕಳು. "ಹಂಗಾರ ಕಾರಹುಣ್ಣಿವಿ ಐತಿ ಅನ್ರಿ!" ನಮ್ಮ ವಿಜಯಪುರದ ಕಡೆ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಓಡಿಸುತ್ತಾರೆ. ಈ ಎತ್ತಿಗೆ ದೋಹಾದಲ್ಲಿ ಬಾಲ ಎಲ್ಲಿಂದ ತರುವುದು? ಅವಳು ಕಪಾಟಿನ ತಳದಿಂದ ತನ್ನ ಮದುವೆಯ ಚೌರಿ ತೆಗೆದಳು. ಮದುವೆಯ ದಿನ ಅವಳ ಜಡೆ ಎಷ್ಟುದ್ದ ಎಂದು ನಾನು ಮರುಳಾಗಿದ್ದು ಅದನ್ನೇ ನೋಡಿ. ಈಗ ಅದು ನನ್ನ ಸೊಂಟಕ್ಕೆ ಬಂತು. ತಾರಿಕ್‌ಗೆ ಹೇಳಿದರೆ, "ನಮ್ಮ ರಾಜರು ನಮ್ಮ ಪಾಲಿನದನ್ನೂ ಓಡಿ ಮುಗಿಸಿದ್ದಾರೆ ಬಾಶಾ, ಖಲಾಸ್," ಎಂದು ಹೊಟ್ಟೆ ಸವರಿಕೊಂಡ. ನೀಲಾ ಮಾತ್ರ ನಮ್ಮ ಪಪ್ಪ ಪೂರ್ತಿ ಒಂದು ಸುತ್ತು ಓಡುತ್ತಾರೆ ಎಂದು ಇಡೀ ಕ್ಲಾಸಿಗೆ ಸಾರಿ ಬಂದಿದ್ದಳು. ನನ್ನ ಎಡ ಮಂಡಿಯನ್ನು ಅವಳು ಕೇಳಿರಲಿಲ್ಲ. ನಿಜಕ್ಕೂ ಭಯವಾಯಿತು. ನನ್ನ ಮಾನದ ಚಿಂತೆಯಲ್ಲ, ಅವಳ ಮಾತು ಸುಳ್ಳಾಗುತ್ತದಲ್ಲ ಎಂಬ ಚಿಂತೆ.

ಆ ದಿನ ಶಾಲೆಯ ಮೈದಾನದಲ್ಲಿ ಮಲಯಾಳಿ ತಂದೆಯೊಬ್ಬರು ಸಿಂಹಾಸನದ ಮೇಲೆ ಹಾಯಾಗಿ ಕೂತಿದ್ದರು. ಹಣೆಬರಹ ಚೆನ್ನಾಗಿರಬೇಕು. ನೀಲಾ ಮೈಕ್ ಹಿಡಿದು ವಿವರಿಸಿದಳು, ನಾನು ಟ್ರ್ಯಾಕ್ ಪ್ಯಾಂಟಿನ ಮೇಲೆ ಲುಂಗಿ ಸುತ್ತಿ, ಬಾಲ ಬೀಸುತ್ತ ಹೊರಟೆ. ಅರ್ಧ ಮೈದಾನದವರೆಗೆ ಸಾಮ್ರಾಜ್ಯ ಭದ್ರವಾಗಿತ್ತು. ಆಮೇಲೆ ಮಂಡಿ ಕಳಕ್ ಎಂದಿತು, ನಾನು ನಿಂತೆ. ನೀಲಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ತಂದೆತಾಯಿಗಳ ಸಾಲಿನಿಂದ ಸುಜಾತಾ ಕೂಗಿದಳು, "ಹುರ್ರ್ಯೋ! ನಡೀ ನನ್ನ ಬಸವಾ!" ಮದುವೆಯಾದ ಮೇಲೆ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನೀಲಾ ಮೈಕ್ ಸಮೇತ ಓಡಿಬಂದಳು. ಬಾಲದ ತುದಿ ಹಿಡಿದುಕೊಂಡು, ರಾಜನಿಗೆ ಸುಸ್ತಾದರೆ ಪ್ರಜೆಗಳು ಜೊತೆಗೆ ನಡೆಯುತ್ತಿದ್ದರು ಎಂದು ಚೆಂದದ ಇಂಗ್ಲಿಷಿನಲ್ಲಿ ಘೋಷಿಸಿದಳು. ಅದು ಯಾವ ಇತಿಹಾಸದಲ್ಲೂ ಇಲ್ಲ, ಅವಳ ಪಪ್ಪನಿಗಾಗಿ ಆಗಷ್ಟೇ ಹುಟ್ಟಿದ ಇತಿಹಾಸ. ಸುಜಾತಾ ಬಂದು ತೋಳು ಹಿಡಿದಳು. ಮೂವರೂ ಸೇರಿ ಸುತ್ತು ಮುಗಿಸಿದೆವು. ಚಪ್ಪಾಳೆ ಬಂತು, ನನಗೆ ಕಣ್ಣೀರು ಬಂತು. ಕಾಗದದಲ್ಲಿ ಸ್ಪಾನ್ಸರ್ ನಾನು, ಮೈದಾನದಲ್ಲಿ ಅವರು. ಇಂಥವರು ಸಿಕ್ಕಿದ್ದಕ್ಕೆ ಯಾವ ದೇವರಿಗೆ ಕೈಮುಗಿಯಲಿ ಎಂದು ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ನೀಲಾ ರಟ್ಟಿನ ಕಿರೀಟ ತೊಡಿಸಿದಳು. ಮರುಪಟ್ಟಾಭಿಷೇಕವಾಯಿತು. ಹೊಸ ಆಳ್ವಿಕೆಯ ಮೊದಲ ಆಜ್ಞೆಯಾಗಿ, "ಯಲ್ಲಾ, ಬೇಗ ಒಂದು ಕಪ್ ಚಹಾ!" ಎಂದು ತಾರಿಕ್‌ನ ಅರಬ್ಬಿಯಲ್ಲಿ ಗತ್ತಿನಿಂದ ಹೇಳಿದೆ. ಸೋಫಾದ ಮೇಲೆ ಕಾಲು ಚಾಚಿದ್ದ ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡಿದರು. ಫೇರೋನ ಮುಖ್ಯ ಕರ್ತವ್ಯ ನೆನಪಾಯಿತು. ಕಿರೀಟ ಸರಿಮಾಡಿಕೊಂಡು, ಕುಂಟುತ್ತ ಅಡುಗೆಮನೆಗೆ ಹೋದೆ. ಎರಡು ಕಪ್ ಚಹಾ ಮಾಡಿ ತಂದು ಅವರ ಮುಂದೆ ನೈವೇದ್ಯ ಇಟ್ಟೆ. ಸುಜಾತಾ ಒಂದು ಗುಟುಕು ಕುಡಿದು, "ಸಕ್ಕರಿ ಕಡಿಮಿ ಆಗೇದ್ರಿ," ಎಂದಳು.