ಕಳ್ಳನಿಗೆಂದು ಕಟ್ಟಿಸಿದ ಮೆಟ್ಟಿಲು

ಹೆಸರಾದ ಮನೆಯಲ್ಲಿ ಹುಟ್ಟುವುದೂ ಒಂದು ಪೀಡೆಯೇ. ವಿಜಾಪುರದ ಯಾವ ಟಾಂಗಾದವನಿಗಾದರೂ ‘ಕರಿಕಲ್ಲಿನ ಮನಿ’ ಎಂದರೆ ಸಾಕು, ನೆಟ್ಟಗೆ ತಂದು ನಮ್ಮ ಬಾಗಿಲಲ್ಲಿ ಇಳಿಸುತ್ತಾನೆ. ಸಾವಿರದ ಒಂಬೈನೂರರ ಸುಮಾರಿಗೆ ಅಜ್ಜ ಕಟ್ಟಿಸಿದ ಮನೆಗೆ ಸಾಗವಾನಿ ಕಂಬಗಳಿವೆ, ಚರಿತ್ರೆಯಿದೆ, ಆ ಚರಿತ್ರೆ ಹೇಳಲು ಕಾಕಾ ಇದ್ದಾರೆ. ಸರಿಯಾದ ಮೆಟ್ಟಿಲು ಮಾತ್ರ ಇರಲಿಲ್ಲ. ಮುಂಬಾಗಿಲ ಐದು ಮೆಟ್ಟಿಲುಗಳಲ್ಲಿ ಮೊದಲನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರ. ಅಲ್ಲಿ ಎಡವದ ನೆಂಟರೇ ಇಲ್ಲ. “ನಮ್ಮಪ್ಪ ಬೇಕಂತನ ಹಂಗ ಕಟ್ಟಿಸ್ಯಾನ್ರಿ, ಕಳ್ಳ ಬಂದ್ರ ಎಡವಿ ಬೀಳ್ಲಿ ಅಂತ” ಎಂದು ಕಾಕಾ, ಬಿದ್ದವರನ್ನು ಎತ್ತುವ ಮೊದಲೇ ಚರಿತ್ರೆ ಶುರು ಮಾಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಬ್ಬ ಕಳ್ಳನೂ ಬರಲಿಲ್ಲ.

ಎಪ್ಪತ್ನಾಲ್ಕರಲ್ಲಿ ತಂಗಿಯನ್ನು ನೋಡಲು ಬಬಲೇಶ್ವರದಿಂದ ಬಂದ ವರನ ತಂದೆ ಅಲ್ಲೇ ಮುಗ್ಗರಿಸಿದರು. ರುಮಾಲು ಗಟಾರಕ್ಕೆ ಬಿತ್ತು, ಸಂಬಂಧ ಅಲ್ಲಿಗೇ ಮುಗಿಯಿತು. ಮೆಟ್ಟಿಲು ಕಟ್ಟಿಸಿದವನು ನಾನೇ ಎಂಬಂತೆ ತಂಗಿ ನನ್ನೊಂದಿಗೆ ಮಾತು ಬಿಟ್ಟಳು. ಮುಂದಿನ ವಾರ ಅವಳನ್ನು ನೋಡಲು ತಿಕೋಟಾದವರು ಬರುವವರಿದ್ದರು. ನನಗೆ ತಲೆ ಕೆಟ್ಟುಹೋಗಿ ಗೌಂಡಿ ಹುಸೇನಸಾಬರನ್ನು ಕರೆಸಿದೆ.

ಅವರು ಕುಕ್ಕರಗಾಲಲ್ಲಿ ಕೂತು ಮೊದಲ ಮೆಟ್ಟಿಲಿನ ಎತ್ತರಕ್ಕೆ ಗೇಣು ಹಾಕಿದರು. ಅಳೆದು ಮಾಡಿಸಿದಂತೆ ಸರಿಹೊಂದಿತು. ನಕ್ಕುಬಿಟ್ಟರು. “ಕಳ್ಳಗಲ್ರೀ ಇದು. ಈ ಮನಿ ಕಟ್ಟಿದಾಂವ ನಮ್ಮ ಮುತ್ಯಾ. ಮೊದಲನೇ ಮೆಟ್ಲಾ ತನ್ನ ಗೇಣಿನಿಂದ ಅಳದಾನ. ಅಷ್ಟರಾಗ ನಿಮ್ಮ ಅಜ್ಜಾರು ಬಂದು, ‘ಮನಿ ನಂದು, ಗೇಣೂ ನಂದ ಹಿಡಿ’ ಅಂದ್ರಂತ. ಅವರ ಕೈ ಸಣ್ಣದಿತ್ರಿ, ಉಳಿದ ನಾಕೂ ಗಿಡ್ಡ ಆದ್ವು. ನಮ್ಮ ಮನ್ಯಾಗ ಇದನ್ನ ನೆನಸಿ ಇನ್ನೂ ನಗ್ತೀವಿ.”

ಕಾಕಾ ಕೆಂಡವಾದರು. “ಅಪ್ಪ ಕಟ್ಟಿಸಿದ್ದನ್ನ ಮುಟ್ಟಿ ನೋಡ್ಲೇ!” ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಸೇನಸಾಬರು ಮೆಟ್ಟಿಲ ಬುಡದ ನೆಲಕ್ಕೆ ಎರಡು ಬೆರಳು ದಪ್ಪದ ಪರ್ಶಿಕಲ್ಲು ಹಾಸಿ ಕೂಡಿಸಿದರು. ನೆಲ ಅಷ್ಟು ಮೇಲೆದ್ದು, ಮೊದಲ ಮೆಟ್ಟಿಲು ಉಳಿದವುಗಳ ಸಮಕ್ಕೆ ಬಂತು. ಸಿಮೆಂಟು ಗಟ್ಟಿಯಾಗಲೆಂದು ಗೋಣಿತಾಟು ಹೊದಿಸಿ, ನೆಂಟರು ಬರುವವರೆಗೆ ನಾವೆಲ್ಲ ಹಿತ್ತಲ ಬಾಗಿಲಿನಿಂದಲೇ ಓಡಾಡಿದೆವು.

ತಿಕೋಟಾದವರು ಬಂದರು. “ಬರ್ರಿ, ಆರಾಮ ಬರ್ರಿ” ಎನ್ನುತ್ತ ಹೆಮ್ಮೆಯಿಂದ ನಾನೇ ಮುಂದಾದೆ. ಹುಟ್ಟಿದಾಗಿನ ರೂಢಿಯಂತೆ ಕಾಲನ್ನು ಎರಡು ಬೆರಳು ಹೆಚ್ಚೇ ಎತ್ತಿದೆ. ಇಳಿಸಿದಲ್ಲಿ ಮೆಟ್ಟಿಲು ಸಿಗಲಿಲ್ಲ. ಬೋರಲು ಬಿದ್ದೆ. ನೆಂಟರು ಒಬ್ಬರೂ ಎಡವದೆ ನನ್ನನ್ನು ಬಳಸಿಕೊಂಡು ಮೇಲೇರಿದರು.

ಬಾಗಿಲಲ್ಲಿ ನಿಂತಿದ್ದ ಕಾಕಾ ಅವರಿಗೆ ಚರಿತ್ರೆಯನ್ನೆಲ್ಲ ಹೇಳಿ ನನ್ನತ್ತ ಬೆರಳು ಮಾಡಿದರು: “ನಮ್ಮಪ್ಪನ ಮೆಟ್ಲದಾಗಿನ ಎರಡು ಬೆರಳ ಕದ್ದಾಂವ ಇಂವನ ನೋಡ್ರಿ. ಕಡೀಕೂ ಕಳ್ಳ ಬಿದ್ದ!”

ಹಿರಿಯರು ಹೊಟ್ಟೆ ಹಿಡಿದು ನಕ್ಕರು. ಆ ನಗೆಯಲ್ಲೇ ಸಂಬಂಧ ಕುದುರಿತು. ಈಗ ತಂಗಿಯ ಗಂಡ ಬಂದಾಗಲೆಲ್ಲ ಆ ಮೆಟ್ಟಿಲ ಮೇಲೆ ನಿಂತು ನನ್ನ ಮಕ್ಕಳಿಗೆ ಮನೆಯ ಚರಿತ್ರೆ ಹೇಳುತ್ತಾನೆ. ಅದರಲ್ಲಿ ಅಜ್ಜನ ಗೇಣೂ ಇಲ್ಲ, ಸಾಗವಾನಿ ಕಂಬವೂ ಇಲ್ಲ. ಇರುವುದು ನಾನೊಬ್ಬನೇ, ಅದೂ ಕಳ್ಳನಾಗಿ.