ಇಪ್ಪತ್ತು ವರ್ಷದ ರಸ್ತೆ ಮತ್ತು ನಮ್ಮ ಅಡುಗೆಮನೆ

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಬಸ್ಸು ಬರದಿದ್ದರೆ ಬರಲಿಲ್ಲವೆಂಬ ಚಿಂತೆ. ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ, ಇದು ಬೇರೆ ಊರಿಗೆ ಹೋಗುವ ಬಸ್ಸೇ ಇರಬೇಕೆಂಬ ಚಿಂತೆ. ಮನೆಗೆ ಬೀಗ ಹಾಕಿ ಓಣಿಯ ತುದಿಯವರೆಗೆ ಹೋಗಿ, ಮತ್ತೆ ತಿರುಗಿ ಬಂದು ಬೀಗ ಎಳೆದು ನೋಡುವುದು ನನ್ನ ನಿತ್ಯದ ವ್ಯಾಯಾಮ. ‘ಚಿಂತಿ ಇಲ್ಲದಿದ್ರ, ಯಾಕ ಇಲ್ಲಂತ ಅದಕ್ಕೂ ಚಿಂತಿ ಮಾಡತೀರಿ ನೀವು’ ಎನ್ನುತ್ತಾಳೆ ನನ್ನ ಹೆಂಡತಿ ಸುಮಿತ್ರಾ. ನಾಳೆಯ ಬೆಳಗನ್ನು ನೆನೆದೇ ಬೆವರುವ ಇಂಥ ಮನುಷ್ಯನನ್ನು ನಮ್ಮ ಕಚೇರಿಯವರು ಇಪ್ಪತ್ತು ವರ್ಷ ಮುಂದಿನ ರಸ್ತೆಗಳ ಕೆಲಸಕ್ಕೆ ಹಚ್ಚಿದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗೋಕಾಕದ ಒಂದು ಕಚೇರಿಯಲ್ಲಿ ಟ್ರೇಸರ್. ಅಂದರೆ ಸಾಹೇಬರು ಪೆನ್ಸಿಲ್ಲಿನಲ್ಲಿ ಎಳೆದ ಗೆರೆಗಳನ್ನು ತೆಳು ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ತಿದ್ದಿ ನಕಾಶೆ ಮಾಡುವವ. ಗೋಕಾಕ, ಹುಕ್ಕೇರಿ, ಮೂಡಲಗಿ ಸುತ್ತಿನ ಹಳ್ಳಿಗಳಿಗೆ ಮುಂದಿನ ಇಪ್ಪತ್ತು ವರ್ಷದಲ್ಲಿ ಎಲ್ಲೆಲ್ಲಿ ರಸ್ತೆ ಬೇಕು ಎಂದು ಒಂದು ಕರಡು ಯೋಜನೆ ತಯಾರಾಗಬೇಕಿತ್ತು. ಅದನ್ನು ಜನರ ಮುಂದಿಟ್ಟು, ಅವರು ಹೇಳಿದ್ದನ್ನು ಕೇಳಿ, ಆಮೇಲೆ ಪಕ್ಕಾ ಮಾಡುವುದು ಎಂದಾಗಿತ್ತು. ನಾನು ಹಾಡು ಗುನುಗುತ್ತ ಶಾಯಿ ತಿದ್ದುತ್ತಿದ್ದೆ. ಮೂಡಲಗಿಯ ಹತ್ತಿರ ಬಂದಾಗ ಹಾಡು ನಿಂತಿತು. ಸಾಹೇಬರ ಪೆನ್ಸಿಲ್ ಗೆರೆ ಕಾಲುವೆಯ ಈಚೆ ದಡ ಹಿಡಿದು ಬಂದು, ನಾನು ವರ್ಷದ ಹಿಂದಷ್ಟೇ ಕಟ್ಟಿಸಿದ್ದ ಮನೆಯ ಮೇಲೆಯೇ ಹಾದುಹೋಗಿತ್ತು. ಇನ್ನೂ ನಿಖರವಾಗಿ ಹೇಳಬೇಕೆಂದರೆ ಅಡುಗೆಮನೆಯ ಮೇಲೆ.

ಆ ಅಡುಗೆಮನೆಯ ಕಟ್ಟೆಯನ್ನು ಸುಮಿತ್ರಾ ಗೌಂಡಿಯಿಂದ ಮೂರು ಸಲ ಒಡೆಸಿ ಕಟ್ಟಿಸಿದ್ದಳು. ಒಮ್ಮೆ ಎತ್ತರ ಹೆಚ್ಚಾಯಿತೆಂದು, ಒಮ್ಮೆ ಕಡಿಮೆಯಾಯಿತೆಂದು, ಇನ್ನೊಮ್ಮೆ ರೊಟ್ಟಿ ಬಡಿಯುವಾಗ ಕಿಟಕಿಯ ಬೆಳಕು ಬೆನ್ನಿಗೆ ಬೀಳುತ್ತದೆಂದು. ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರು ಓಡುತ್ತದೆಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ತೀರ ಸಣ್ಣ ಮೊನೆಯ ಪೆನ್ನು ಹುಡುಕಿ ತೆಗೆದು ಗೆರೆಯನ್ನು ಎಷ್ಟು ಸಪೂರ ಎಳೆಯಲಾದೀತೋ ಅಷ್ಟು ಎಳೆದೆ. ಆದರೆ ನಕಾಶೆಯಲ್ಲಿ ನಮ್ಮ ಇಡೀ ಮನೆಯೇ ಆ ಗೆರೆಗಿಂತ ಸಣ್ಣದಿತ್ತು. ಸಾಹೇಬರಿಗೆ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಅವರು ಮೈಸೂರು ಕಡೆಯವರು, ಬಲು ಕಟ್ಟುನಿಟ್ಟು. ‘ನೋಡಿ, ಸಿಬ್ಬಂದಿ ಯಾರಾದರೂ ನಮ್ಮನೆ, ನಮ್ಮ ಹೊಲ ಅಂತ ಬಂದರೆ ಅವತ್ತೇ ಬೇರೆ ಊರಿಗೆ ಕಳಿಸ್ತೀನಿ. ಜನ ಹೇಳಿದ್ದಷ್ಟೇ ಮುಖ್ಯ’ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಸರಿ, ಜನರಾದರೂ ತಕರಾರು ತೆಗೆದಾರೆಂದು ಆಸೆಯಿಂದ ಹುಕ್ಕೇರಿಯ ಸಭೆಗೆ ಹೋದೆ. ಅಲ್ಲಿ ಜನರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸವೂ ನನ್ನದೇ ಆಗಿತ್ತು. ‘ಇಪ್ಪತ್ತು ವರ್ಷ ಮುಂದೆ ಯೋಚನೆ ಮಾಡಿ ಹೇಳಿ’ ಎಂದರು ಸಾಹೇಬರು. ದಡ್ಡಿಯ ಹಿರಿಯರೊಬ್ಬರು ಎದ್ದು, ‘ಸಾಹೇಬ್ರ, ಇಪ್ಪತ್ತ ವರ್ಷಕ್ಕ ನಾ ಇರತೇನೊ ಇಲ್ಲೊ, ಆ ಮಾತ ಬಿಡ್ರಿ. ಈ ಮಳಿಗಾಲಕ್ಕ ಏನ್ ಮಾಡತೀರಿ ಅದನ್ನ ಹೇಳ್ರಿ’ ಎಂದು ಕೂತರು. ಹತ್ತರಗಿಯವನೊಬ್ಬ, ‘ಹೈವೇ ನಮ್ಮ ಬಾಜೂಕನ ಐತ್ರಿ, ಬಸ್ಸ ಮಾತ್ರ ನಿಲ್ಲಂಗಿಲ್ಲ. ಇಪ್ಪತ್ತ ವರ್ಷ ಆದಮ್ಯಾಲರ ನಿಲ್ಲತಾವೇನ್ರಿ?’ ಎಂದ. ಬೇಡ ಅಂದವರು ಒಬ್ಬರೂ ಇಲ್ಲ. ಎಲ್ಲರಿಗೂ ರಸ್ತೆ ಬೇಕು, ಅದೂ ತಮ್ಮ ಬಾಗಿಲ ಮುಂದೆಯೇ ಬೇಕು. ಎಲ್ಲರ ಮಾತನ್ನೂ ಕೇಳಿದ್ದರೆ ಆ ರಸ್ತೆ ಜಿಲೇಬಿಯ ಹಾಗೆ ಸುತ್ತುತ್ತಿತ್ತು. ಮುಂದಿನ ವಾರ ಮೂಡಲಗಿಯ ಸಭೆಯಿತ್ತು. ಅಲ್ಲೂ ಯಾರೂ ಬಾಯಿ ಬಿಡದಿದ್ದರೆ ಮನೆ ಹೋದಂತೆಯೇ ಎಂದು ನನ್ನ ಊಟ, ನಿದ್ದೆ ಎರಡೂ ಕೆಟ್ಟವು.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ನಮ್ಮಲ್ಲಿ ಅರ್ಜಿ ಎಂದರೆ ಮೊದಲು ಸಹಿ, ಆಮೇಲೆ ಒಕ್ಕಣೆ. ನಳದ ನೀರಿಗೆ, ಬೀದಿ ದೀಪಕ್ಕೆ, ಎಲ್ಲದಕ್ಕೂ ಬಿಳಿ ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡು, ಮೇಲಿನದನ್ನು ಅಕ್ಷರ ಚೆನ್ನಾಗಿದ್ದವರು ಪುರುಸೊತ್ತಾದಾಗ ಬರೆಯುತ್ತಾರೆ. ನಮ್ಮ ಬಡಾವಣೆಯಲ್ಲಿ ಬರೆಯುವವನು ನಾನು. ಆ ಭಾನುವಾರ ಬಿಳಿ ಹಾಳೆ ಹಿಡಿದು ಹೊರಟೆ. ಮೊದಲು ಹೋದದ್ದು ನೇಮಣ್ಣ ಕಾಕಾ ಅವರ ಕಿರಾಣಿ ಅಂಗಡಿಗೆ. ಕಾಕಾ ನಮ್ಮ ಪಕ್ಕದ ಮನೆಯವರು, ಹಳೆಯ ಜೈನ ವ್ಯಾಪಾರಿ ಮನೆತನದವರು. ಇಂದಲ್ಲ ನಾಳೆ ಇಲ್ಲಿ ರಸ್ತೆ ಬಂದೇ ಬರುತ್ತದೆಂದು ನಂಬಿ, ಪೇಟೆಯಲ್ಲಿದ್ದ ಅಂಗಡಿಯನ್ನು ನಮ್ಮ ಬಡಾವಣೆಗೆ ತಂದು ಹಾಕಿದ್ದರು. ‘ಕಾಕಾ, ರಸ್ತೇದ ಬಗ್ಗೆ ಒಂದ ಅರ್ಜಿ’ ಎಂದೆ. ಅದು ಸುಳ್ಳಲ್ಲ. ನಿಜವನ್ನು ಅಷ್ಟಕ್ಕೇ ನಿಲ್ಲಿಸಿದೆ, ಅಷ್ಟೆ.

‘ಛಲೋ ಆತು ನೋಡ್ರಿ, ರಸ್ತಾ ಬರಬೇಕ’ ಎಂದು ಕಾಕಾ ಕನ್ನಡಕ ಹುಡುಕಿ ಸಹಿ ಮಾಡಿದರು. ‘ಏನ್ ಬರೀತೇನಿ ಅಂತ ಹೇಳ್ಲೇನ್ರಿ?’ ಎಂದು ಗಂಟಲಲ್ಲೇ ಕೇಳಿದೆ. ‘ನೀವ ಬರ್ಯಾವ್ರು ಇದ್ದಮ್ಯಾಲ ನಾ ಏನ್ ಕೇಳೂದು? ಚಾ ಕುಡೀರಿ’ ಎಂದರು. ಕುಡಿದೆ. ಕಾಕಾ ಅವರ ಸಹಿ ಕಂಡ ಮೇಲೆ ಉಳಿದವರೂ ಕಣ್ಣು ಮುಚ್ಚಿ ಸಹಿ ಹಾಕಿದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಬರೆದೆ: ‘ರಸ್ತೆಯಿಂದ ನಮ್ಮ ಬಡಾವಣೆಗೆ ಧೂಳು, ಮಕ್ಕಳಿಗೆ ಅಪಾಯ. ಕಾಲುವೆಯ ಆಚೆ ದಡದಲ್ಲಿ ಖಾಲಿ ಸರಕಾರಿ ಜಾಗ ಇರುವುದರಿಂದ ರಸ್ತೆಯನ್ನು ಅಲ್ಲಿಯೇ ಮಾಡಬೇಕೆಂದು ವಿನಂತಿ.’ ನನ್ನ ಕೈಬರಹ ಗುರುತು ಸಿಗಬಾರದೆಂದು ಒಂದೊಂದೇ ಅಕ್ಷರವನ್ನು ಬಿಡಿಸಿ, ದುಂಡಗೆ, ಸ್ಕೇಲು ಇಟ್ಟು ಬರೆದೆ. ನಕಾಶೆಗಳ ಮೇಲೆ ನಾನು ಊರ ಹೆಸರು ಬರೆಯುವುದೂ ಹಾಗೆಯೇ ಎಂಬುದು ಅಂಚೆಗೆ ಹಾಕಿದ ಮೇಲೆ ಹೊಳೆಯಿತು.

ಅಂಚೆಯಲ್ಲಿ ಬಂದ ಅರ್ಜಿಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆಂದು ನಾನು ತಿಳಿದಿದ್ದೆ. ಸಾಹೇಬರು ಮೂಡಲಗಿಯ ಹೈಸ್ಕೂಲಿನಲ್ಲಿ ತುಂಬಿದ ಸಭೆಯ ಮುಂದೆ ಅದನ್ನು ಗಟ್ಟಿಯಾಗಿ ಓದಿದರು. ಓದು ಮುಗಿಯುವ ಮೊದಲೇ ಹಿಂದಿನಿಂದ ಒಬ್ಬ, ‘ಯಾಂವ್ರೀ ಅದನ್ನ ಬರದಾಂವ? ರಸ್ತಾ ಬ್ಯಾಡಂತ ಯಾರಂದ್ರು?’ ಎಂದು ಕೂಗಿದ. ಸಾಹೇಬರು ಅರ್ಜಿಯನ್ನು ನೋಡಿದರು, ಗೋಡೆಗೆ ತೂಗುಹಾಕಿದ್ದ ನಕಾಶೆಯ ಅಕ್ಷರಗಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ನಾನು ಬರೆದುಕೊಳ್ಳುವವನಂತೆ ತಲೆ ತಗ್ಗಿಸಿ ಹಾಳೆಯ ಮೇಲೆ ಬರೀ ಸೊನ್ನೆಗಳನ್ನು ಸುತ್ತುತ್ತಿದ್ದೆ. ಮನೆ ಹೋಗುವುದು ಖಾತ್ರಿ, ಈಗ ನೌಕರಿಯೂ ಹೋಯಿತು ಎಂದುಕೊಂಡೆ. ‘ಸಹಿ ಮಾಡಿದವರಲ್ಲಿ ಒಬ್ಬರಾದರೂ ಎದ್ದು ಇದು ನಮ್ಮ ಅಭಿಪ್ರಾಯ ಅಂತ ಹೇಳಬೇಕು. ಇಲ್ಲವಾದರೆ ಇದನ್ನು ಬರೆದದ್ದು ಯಾರು ಅಂತ ವಿಚಾರಿಸಬೇಕಾಗುತ್ತೆ’ ಎಂದರು.

ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು, ರಸ್ತೆ ಬೇಕೆಂದು ಮಾತಾಡಲೆಂದೇ ಬಂದಿದ್ದ ನೇಮಣ್ಣ ಕಾಕಾ ನಿಧಾನವಾಗಿ ಎದ್ದರು. ನಕಾಶೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಗೆರೆಯ ಮೇಲೆ ಬೆರಳಾಡಿಸಿದರು. ಬೆರಳು ನಮ್ಮ ಮನೆಯ ಹತ್ತಿರ ಒಂದು ಕ್ಷಣ ನಿಂತಿತು. ತಿರುಗಿ, ‘ಸಹಿ ನಂದ ಐತ್ರಿ ಸಾಹೇಬ್ರ. ಅದರ ಮ್ಯಾಲ ಬರದದ್ದೂ ನಂದ’ ಎಂದು ಹೇಳಿ ಬಂದು ಕುಳಿತರು. ಅಂಗಡಿಯವರೇ ಹಾಗೆಂದ ಮೇಲೆ ಹಿಂದಿನ ಗದ್ದಲ ಅಡಗಿತು. ಸಾಹೇಬರು ಪೆನ್ಸಿಲ್ ತೆಗೆದು ಗೆರೆಯನ್ನು ಕಾಲುವೆಯಾಚೆ ಎಳೆದರು.

ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಅವರ ಹಿಂದೆ ಹೋಗಿ, ‘ಕಾಕಾ, ಅದು…’ ಎಂದೆ. ‘ನಮ್ಮ ತಂಗಿಗಿ ಹೇಳ್ರಿ, ಅಡಗಿಮನಿಗಿ ಏನೂ ಆಗಂಗಿಲ್ಲಂತ’ ಎಂದರು ಸುಮಿತ್ರಾಳನ್ನು ತಂಗಿ ಎಂದೇ ಕರೆಯುತ್ತಿದ್ದ ಕಾಕಾ. ಚಪ್ಪಲಿ ಮೆಟ್ಟಿಕೊಂಡ ಮೇಲೆ ಮೆಲ್ಲಗೆ, ‘ಮೊದಲ ಒಂದ ಮಾತ ಹೇಳಿದ್ರ, ನಾನ ಮುಂದ ನಿಂತ ಬರಸ್ತಿದ್ನೆಲ್ರಿ’ ಎಂದರು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ. ಅವರನ್ನೊಂದು ಮಾತು ಕೇಳುವ ಚಿಂತೆಯೊಂದನ್ನು ಬಿಟ್ಟು ಪ್ರಪಂಚದ ಉಳಿದೆಲ್ಲ ಚಿಂತೆಯನ್ನೂ ಮಾಡಿದ್ದೆ.

ರಸ್ತೆ ಕೆಲವೇ ವರ್ಷಗಳಲ್ಲಿ ಬಂತು, ಆಚೆ ದಡದಲ್ಲಿ. ಅದರ ಅಂಚಿಗೆ ಹೊಸ ಅಂಗಡಿಗಳಾದವು. ಕಾಕಾ ಅವರ ಗಿರಾಕಿಗಳೂ ಆ ಕಡೆ ಹೋದರು. ಈಗ ಅವರಿಗೆ ಮೊಣಕಾಲು ನೋವು. ಬಸ್ಸು ಹಿಡಿಯಬೇಕೆಂದರೆ ದೂರದ ಸೇತುವೆ ಸುತ್ತಿ ಕಾಲುವೆ ದಾಟಬೇಕು. ನಾನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಬಿಟ್ಟುಬರುತ್ತೇನೆ. ಇವತ್ತು ಆ ಅರ್ಜಿಯ ಮಾತು ತೆಗೆಯುತ್ತಾರೇನೋ ಎಂದು ದಾರಿಯುದ್ದಕ್ಕೂ ನನಗೆ ಚಿಂತೆ. ಅವರು ಮೊಮ್ಮಗಳ ಶಾಲೆಯ ವಿಷಯ ಹೇಳುತ್ತಾರೆ, ಬೆಲ್ಲದ ಧಾರಣೆ ಹೇಳುತ್ತಾರೆ. ಆಚೆ ದಡದಲ್ಲಿ ಇಳಿದು, ನನ್ನ ಹೆಗಲ ಮೇಲೆ ಕೈಯಿಟ್ಟು, ‘ನನ್ನ ಸಲುವಾಗಿ ನಿಮಗ ದಿನಾ ತ್ರಾಸ ನೋಡ್ರಿ’ ಎನ್ನುತ್ತಾರೆ. ‘ಇರಲಿ ಬಿಡ್ರಿ ಕಾಕಾ, ಅದರಾಗೇನೈತಿ’ ಎಂದು ನಾನು ಬಹಳ ದೊಡ್ಡ ಮನಸ್ಸಿನವನಂತೆ ಕೈಬೀಸಿ ಸ್ಕೂಟರ್ ತಿರುಗಿಸುತ್ತೇನೆ.