ಹದಿನಾಲ್ಕನೇ ಡಬ್ಬಿ

ಅಮಲರಾಜ್ ಮಾಡಿದ ತಪ್ಪು ಒಂದೇ. ಕ್ರಿಸ್‌ಮಸ್‌ಗೆ ಅಕ್ಕಪಕ್ಕದವರಿಗೆ ಹಂಚಬೇಕಿದ್ದ ಹದಿನಾಲ್ಕು ಡಬ್ಬಿ ಕಲ್‌ಕಲ್ ಸಿಹಿಯಲ್ಲಿ ಒಂದನ್ನು ತಾನೇ ತಿಂದು ಮುಗಿಸಿದ. ಪಾಪ, ಅವನನ್ನೂ ದೂರುವಂತಿಲ್ಲ. ಮೈದಾಹಿಟ್ಟಿನ ಪುಟ್ಟ ಉಂಡೆಗಳನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಎರಡು ದಿನ ನೆಲದ ಮೇಲೆ ಕೂತು ಆರು ಕೆಜಿ ಹಿಟ್ಟು ಮುಗಿಸಿದವನು ಅವನೇ. ಸೊಂಟ ಹಿಡಿದುಕೊಂಡಿತ್ತು.

"ಮುಂದಿನ ವರ್ಷದಿಂದ ಇದೆಲ್ಲ ಬೇಡ ಕಣೆ. ಬೇಕರಿ ಕೇಕ್ ತಂದು ನಾವೇ ತಿನ್ನೋಣ" ಎಂದಿದ್ದ. ಹೆಂಡತಿ ಪೌಲಿನ್ ಕೂಡ ಒಪ್ಪಿದ್ದಳು.

ಗ್ರಹಚಾರಕ್ಕೆ ಅವನು ತಿಂದ ಡಬ್ಬಿ ಸೇರಬೇಕಿದ್ದದ್ದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾಗೇಂದ್ರನ ಮನೆಗೆ.

ಹಬ್ಬದ ಮರುದಿನ ಬೆಳಿಗ್ಗೆ ಅಮಲರಾಜನ ಬಾಗಿಲಿಗೆ ನೋಟಿಸ್ ಅಂಟಿತ್ತು. "ನಿಯಮ ಒಂಬತ್ತು: ಮನೆಯಲ್ಲಿ ತಯಾರಿಸಿದ ತಿನಿಸು ಕೊಟ್ಟು ಪ್ರತಿಯಾಗಿ ಏನನ್ನಾದರೂ ಪಡೆಯುವುದು ವ್ಯಾಪಾರ. ವ್ಯಾಪಾರ ಮಾಡುವ ಬಾಡಿಗೆದಾರರು ತಿಂಗಳೊಳಗೆ ಮನೆ ಬಿಡತಕ್ಕದ್ದು."

ಅಮಲರಾಜ್ ನಾಗೇಂದ್ರನ ಮನೆಗೆ ಓಡಿದ. "ನಾನೇನ್ರೀ ಮಾರಿದೆ?"

"ನಿಮ್ಮ ಡಬ್ಬಿಗಳು ಖಾಲಿ ವಾಪಸ್ ಬಂದ್ವಾ?"

ಖಾಲಿ ಡಬ್ಬಿಯನ್ನು ಯಾರಾದರೂ ವಾಪಸ್ ಕೊಡುತ್ತಾರೆಯೇ? ಎದುರುಮನೆಯ ಭಾಗ್ಯಮ್ಮ ಅವರೆಕಾಯಿ ತುಂಬಿದ್ದರು, ಮೇಲಿನ ಮನೆಯ ಚಂದ್ರು ನಿಂಬೆಹಣ್ಣು ಹಾಕಿದ್ದ.

"ಕೊಟ್ರಿ, ತಗೊಂಡ್ರಿ. ವ್ಯಾಪಾರ ಅಂದ್ರೆ ಇನ್ನೇನು ಸ್ವಾಮಿ?" ಎಂದ ನಾಗೇಂದ್ರ.

ಮಧ್ಯಾಹ್ನದೊಳಗೆ ಇಡೀ ಕಟ್ಟಡ ಸಹಾಯಕ್ಕೆ ನಿಂತಿತು. ಚಂದ್ರು ಬಂದು, "ನಿಂಬೆಹಣ್ಣು ವಾಪಸ್ ಕೊಟ್ಬುಡಿ ಸಾರ್, ಸಾಕ್ಷಿ ಇರಬಾರದು" ಎಂದ. ಪೌಲಿನ್ ಆಗಲೇ ಉಪ್ಪಿನಕಾಯಿ ಹಾಕಿಬಿಟ್ಟಿದ್ದಳು. ಭಾಗ್ಯಮ್ಮ ಒಲೆಯ ಮೇಲಿನ ಪಾತ್ರೆ ಇಣುಕಿ, "ಅಯ್ಯೋ, ಸಾರೂ ಮಾಡ್ಬುಟ್ರಾ? ಪಡೆದಿದ್ದು ಖಾತ್ರಿ ಆಯ್ತಲ್ಲಮ್ಮ" ಎಂದು ಲೊಚಗುಟ್ಟಿದರು. ಅಮಲರಾಜ್ ಮನೆ ಬಿಡುವ ಲೆಕ್ಕ ಹಾಕಿದ. ಮಗಳ ಶಾಲೆ ಪಕ್ಕದಲ್ಲೇ ಇತ್ತು. ಈ ಬಾಡಿಗೆಗೆ ಕುವೆಂಪುನಗರದಲ್ಲಿ ಇನ್ನೊಂದು ಮನೆ ಸಿಗುವ ಮಾತಿರಲಿಲ್ಲ.

ಸಂಜೆ ಪಾರ್ಕಿಂಗ್‌ನಲ್ಲಿ ಸಭೆ ಸೇರಿತು. ನೆಲಮಹಡಿಯ ನಿವೃತ್ತ ನ್ಯಾಯಾಧೀಶೆ ಶಿವನಂಜಮ್ಮ ಹೇಳಿದ್ದೇ ಅಂತಿಮ ಎಂದು ಎಲ್ಲರೂ ಒಪ್ಪಿದರು. ಅವರು ನಿಯಮವನ್ನು ಎರಡು ಸಲ ಓದಿದರು.

"ಬರೀ ಪದ ನೋಡಿದ್ರೆ ನಾಗೇಂದ್ರ ಅವರು ಹೇಳೋದು ಸರಿ. ಆದ್ರೆ ಆಗ ನಾನೂ ವ್ಯಾಪಾರಸ್ಥೆ, ಡಬ್ಬಿಗೆ ಸಕ್ಕರೆ ಹಾಕಿ ಕಳಿಸಿದ್ದೀನಿ. ಯಾವ ತೊಂದರೆ ತಡೆಯೋಕೆ ಈ ನಿಯಮ ಮಾಡಿದ್ರಿ?"

"ಮೂರನೇ ಮಹಡೀಲಿ ಒಬ್ರು ಮೆಸ್ ನಡೆಸ್ತಿದ್ರು ಮೇಡಂ. ಚರಂಡಿ ಕಟ್ಕೊಳ್ತಿತ್ತು."

"ಕಲ್‌ಕಲ್‌ನಿಂದ ಕಟ್ಕೊಳ್ತಾ?"

"ಇಲ್ಲ ಮೇಡಂ" ಎಂದ ನಾಗೇಂದ್ರ.

"ಹಾಗಾದ್ರೆ ಇದು ಪದ್ಧತಿ ಇರ್ಬೇಕು. ಎಷ್ಟು ವರ್ಷದಿಂದ ಕೊಡ್ತಿದ್ದೀರಿ, ಅಮಲರಾಜ್?"

ಅಮಲರಾಜನಿಗೆ ಹೋದ ಜೀವ ಬಂದಂತಾಯಿತು. "ಹನ್ನೊಂದು ವರ್ಷ ಮೇಡಂ. ಒಂದು ವರ್ಷಾನೂ ತಪ್ಪಿಸಿಲ್ಲ, ಒಂದು ಮನೇನೂ ಬಿಟ್ಟಿಲ್ಲ." ಪೌಲಿನ್ ಹಿಂದಿನಿಂದ ಅಂಗಿ ಎಳೆದಳು. ಅವನು ಇನ್ನೂ ಉಬ್ಬಿದ. "ಪ್ರಾಣ ಹೋದ್ರೂ ನಿಲ್ಲಿಸಲ್ಲ."

"ಈ ವರ್ಷ ನಮ್ಮನೆ ಬಿಟ್ರಲ್ಲ" ಎಂದ ನಾಗೇಂದ್ರ. ನೋಟಿಸ್ ಯಾಕೆ ಬಂತೆಂದು ಆಗ ಎಲ್ಲರಿಗೂ ತಿಳಿಯಿತು.

ಶಿವನಂಜಮ್ಮ ತೀರ್ಪು ಬರೆದು ಓದಿದರು. "ಇದು ವ್ಯಾಪಾರವಲ್ಲ, ಪದ್ಧತಿ. ಮನೆ ಬಿಡಬೇಕಾಗಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹಾಳೆ ತಿರುಗಿಸಿದರು.

"ಇಷ್ಟು ವರ್ಷ ತಪ್ಪದೆ ನಡೆದ ಪದ್ಧತಿಗೂ ನಿಯಮದಷ್ಟೇ ಬಲವಿದೆ. ಆದ್ದರಿಂದ ಇನ್ನು ಮುಂದೆ ಪ್ರತಿ ವರ್ಷ, ಪ್ರತಿ ಮನೆಗೂ ಡಬ್ಬಿ ತುಂಬಿ ಕೊಡತಕ್ಕದ್ದು. ತಪ್ಪಿದರೆ ಮನೆ ಖಾಲಿ ಮಾಡತಕ್ಕದ್ದು. ಈ ಸಲ ಬಿಟ್ಟುಹೋದ ಮನೆಗೆ ನಾಳೆ ಸಂಜೆಯೊಳಗೆ."

ಮನೆಗೆ ಬಂದ ಪೌಲಿನ್ ಹಿಟ್ಟು ಕಲೆಸಿ ತಂದು, ಗಂಡನ ಮುಂದಿಟ್ಟು ಫೋರ್ಕ್ ಕೊಟ್ಟಳು. ಅವನು ಸೊಂಟ ಹಿಡಿದುಕೊಂಡು ಕೂರುವಷ್ಟರಲ್ಲಿ ಬೆಲ್ ಆಯಿತು.

ನಾಗೇಂದ್ರ ನಿಂತಿದ್ದ. ಮುಖದಲ್ಲಿ ನಗು, ಕೈಯಲ್ಲಿ ನಾಲ್ಕು ಅಂತಸ್ತಿನ ಖಾಲಿ ಟಿಫಿನ್ ಕ್ಯಾರಿಯರ್.

"ಡಬ್ಬಿ ಎಷ್ಟು ದೊಡ್ಡದಿರಬೇಕು ಅಂತ ಮೇಡಂ ಬರೆದಿಲ್ಲ ನೋಡಿ" ಎಂದ.